ಗುಡ್ಡಗುಡ್ಡದ ಮೇಲೊಂದು ಗುಡ್ಡ: ಬ್ರೀಡನ್ ಹಳ್ಳಿಗೆ ಆ ಹೆಸರು ಬಂದ ಬಗೆ

‘ಟಾರ್ಪೆನ್‌ಹೌ ಹಿಲ್ ಎಂದರೆ ಗುಡ್ಡ ಗುಡ್ಡ ಗುಡ್ಡದ ಗುಡ್ಡ’ ಎಂಬ ಸಂದೇಶ ಬಹಳ ಕಾಲದಿಂದ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಇಂಗ್ಲೆಂಡಿನ ಒಂದು ಗುಡ್ಡಕ್ಕೆ ಒಬ್ಬರಾದ ಮೇಲೊಬ್ಬರು ಬಂದ ಜನ, ಹಿಂದಿನವರ ಮಾತು ತಿಳಿಯದೆ, ಅದೇ ಅರ್ಥದ ತಮ್ಮ ಪದವನ್ನು ಅಂಟಿಸುತ್ತ ಹೋದರಂತೆ. ಓದಲು ಸೊಗಸು, ಆದರೆ ಪೂರ್ತಿ ನಿಜವಲ್ಲ. ಕಂಬ್ರಿಯಾ ಸೀಮೆಯಲ್ಲಿ ಟಾರ್ಪೆನ್‌ಹೌ ಎಂಬ ಹಳ್ಳಿ ಇರುವುದು ನಿಜ. ಊರವರು ಅದನ್ನು ‘ಟ್ರಿಪೆನ್ನಾ’ ಎನ್ನುತ್ತಾರೆ. ಟಾರ್ಪೆನ್‌ಹೌ ಹಿಲ್ ಎಂಬ ಗುಡ್ಡ ಮಾತ್ರ ಸರ್ವೆ ನಕಾಶೆಯಲ್ಲಿ ಇಲ್ಲ. ಕಥೆಯ ಕೊನೆಯ ಗುಡ್ಡ ಕಥೆ ಹೇಳಿದವರ ಕೊಡುಗೆ.

ಹಾಗೆಂದು ಇಡೀ ವಿಷಯವನ್ನೇ ತಳ್ಳಿಹಾಕಿದರೆ ನಷ್ಟ ನಮಗೇ. ಒಂದೇ ಅರ್ಥದ ಪದಗಳು ಒಂದರ ಮೇಲೊಂದು ಕುಳಿತ ಊರಹೆಸರು ನಿಜವಾಗಿಯೂ ಇದೆ. ಅದರ ಒಂದೊಂದು ಪದರಕ್ಕೂ ದಾಖಲೆ ಇದೆ, ಊರಿನಲ್ಲಿ ಹೋಗಿ ನೋಡಬಹುದಾದ ಗುಡ್ಡವೂ ಇದೆ. ಲೆಸ್ಟರ್‌ಷೈರ್ ಸೀಮೆಯ ಆ ಹಳ್ಳಿಯ ಹೆಸರು ಬ್ರೀಡನ್ ಆನ್ ದಿ ಹಿಲ್. ಓದಿಗೆಂದೋ ಕೆಲಸಕ್ಕೆಂದೋ ಇಂಗ್ಲೆಂಡಿನ ನಡುಭಾಗಕ್ಕೆ ಹೋಗುವ ಕನ್ನಡಿಗರು ರಸ್ತೆಬದಿಯ ಫಲಕಗಳಲ್ಲಿ ಇಂಥ ಹೆಸರುಗಳನ್ನು ದಿನವೂ ಓದುತ್ತಾರೆ. ಬ್ರೀಡನ್ ಒಂದನ್ನು ಸರಿಯಾಗಿ ಬಿಡಿಸಿಕೊಂಡರೆ ಉಳಿದ ಹೆಸರುಗಳ ಗಂಟೂ ಸಡಿಲವಾಗುತ್ತದೆ.

ಹಳ್ಳಿ ಮತ್ತು ಗುಡ್ಡ

ಬ್ರೀಡನ್ ಇರುವುದು ಲೆಸ್ಟರ್‌ಷೈರಿನ ವಾಯವ್ಯ ಮೂಲೆಯಲ್ಲಿ, ಡರ್ಬಿಷೈರಿನ ಗಡಿಗೆ ಅಂಟಿಕೊಂಡು. ಈಸ್ಟ್ ಮಿಡ್‌ಲ್ಯಾಂಡ್ಸ್ ವಿಮಾನ ನಿಲ್ದಾಣ ಇಲ್ಲಿಂದ ಕೆಲವೇ ಮೈಲಿ ದೂರ. ಸುತ್ತಲೂ ಹೊಲ, ಹುಲ್ಲುಗಾವಲು. ನಡುವೆ ಸುಣ್ಣಕಲ್ಲಿನ ಒಂದು ಗುಡ್ಡ ಇದ್ದಕ್ಕಿದ್ದಂತೆ ಎದ್ದು ನಿಂತಿದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 120 ಮೀಟರ್ ಮಾತ್ರ. ಮಲೆನಾಡಿನವರು ಅದನ್ನು ಬೆಟ್ಟವೆಂದು ಒಪ್ಪಲಿಕ್ಕಿಲ್ಲ. ಆದರೆ ಸುತ್ತಲ ನೆಲ ತಗ್ಗಾಗಿರುವುದರಿಂದ ಬಹಳ ದೂರದಿಂದಲೇ ಅದು ಕಣ್ಣಿಗೆ ಬೀಳುತ್ತದೆ. ಹಳ್ಳಿ ಇರುವುದು ಅದರ ಬುಡದಲ್ಲಿ. ಹಳ್ಳಿಯ ನಡುವಿನ ಹಸಿರು ಬಯಲಿನ ಹತ್ತಿರ ಹದಿನೆಂಟನೆಯ ಶತಮಾನದ ಗುಂಡಗಿನ ಕಲ್ಲಿನ ಬಂದೀಖಾನೆಯೊಂದಿದೆ: ಶಂಖುವಿನಾಕಾರದ ಸೂರು, ಒಳಗೆ ಒಂದೇ ಕೋಣೆ. ಕುಡಿದು ಗಲಾಟೆ ಮಾಡಿದವರನ್ನು ರಾತ್ರಿ ಕೂಡಿಹಾಕಲು ಇಂಥವನ್ನು ಕಟ್ಟಿಸುತ್ತಿದ್ದರು.

ಗುಡ್ಡದ ನೆತ್ತಿಯ ಮೇಲೆ ಇರುವುದು ಚರ್ಚು. ಅದು ಸಂತ ಮೇರಿ ಮತ್ತು ಸಂತ ಹಾರ್ಡಲ್ಫ್ ಇಬ್ಬರ ಹೆಸರಿನಲ್ಲಿದೆ. ಚರ್ಚಿನ ಸುತ್ತ ಇನ್ನೂ ಹಳೆಯ ಗುರುತೊಂದಿದೆ: ಕಬ್ಬಿಣಯುಗದ ಜನ ಎಬ್ಬಿಸಿದ ಕೋಟೆಯ ಮಣ್ಣಿನ ಏರಿ. ಊರವರು ಅದನ್ನು ಬುಲ್‌ವರ್ಕ್ಸ್ ಎನ್ನುತ್ತಾರೆ. ಮುಂದೆ ಜೆರಿಕೋ ಉತ್ಖನನದಿಂದ ಜಗತ್ತಿಗೆಲ್ಲ ಹೆಸರಾದ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ 1946ರಲ್ಲಿ ಇಲ್ಲಿ ಅಗೆದು ನೋಡಿದ್ದರು. ಅಂದರೆ ಕ್ರಿಸ್ತಶಕಕ್ಕೂ ಮೊದಲೇ ಈ ಗುಡ್ಡದ ಮೇಲೆ ಜನವಿದ್ದರು. ಜನವಿದ್ದ ಮೇಲೆ ಗುಡ್ಡಕ್ಕೊಂದು ಕರೆಯುವ ಮಾತೂ ಇರಲೇಬೇಕು. ಹೆಸರಿನ ಕಥೆ ಶುರುವಾಗುವುದು ಅಲ್ಲಿಂದ.

ಮೊದಲ ಗುಡ್ಡ: ಬ್ರೆ

ಇಂಗ್ಲೆಂಡಿನಲ್ಲಿ ಮೊದಲಿನಿಂದಲೂ ಇಂಗ್ಲಿಷೇ ಇತ್ತೆಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಹಾಗಲ್ಲ. ರೋಮನ್ನರು ಕ್ರಿ.ಶ. 43ರಲ್ಲಿ ದಂಡೆತ್ತಿ ಬಂದಾಗ ಬ್ರಿಟನ್ನಿನ ಬಹುಭಾಗದಲ್ಲಿ ಜನ ಆಡುತ್ತಿದ್ದುದು ಕೆಲ್ಟಿಕ್ ಕುಟುಂಬದ ಒಂದು ಭಾಷೆಯನ್ನು. ವಿದ್ವಾಂಸರು ಅದನ್ನು ಬ್ರಿಟಾನಿಕ್ ಎನ್ನುತ್ತಾರೆ. ಇವತ್ತು ವೇಲ್ಸಿನಲ್ಲಿ ಆಡುವ ವೆಲ್ಶ್ ಭಾಷೆ ಅದರ ನೇರ ಸಂತಾನ. ಕಾರ್ನ್‌ವಾಲಿನ ಕಾರ್ನಿಶ್, ಫ್ರಾನ್ಸಿನ ತುದಿಯ ಬ್ರೆಟನ್ ಅದರ ಒಡಹುಟ್ಟುಗಳು. ರೋಮನ್ನರು ಸುಮಾರು 410ರ ವರೆಗೆ ಆಳಿದರು. ಆಡಳಿತ, ಸೈನ್ಯ, ಪಟ್ಟಣಗಳಲ್ಲಿ ಲ್ಯಾಟಿನ್ ನಡೆಯಿತು. ಹಳ್ಳಿಗಾಡಿನಲ್ಲಿ ಬ್ರಿಟಾನಿಕ್ ಉಳಿಯಿತು.

ಆ ಬ್ರಿಟಾನಿಕ್ ಭಾಷೆಯಲ್ಲಿ ಗುಡ್ಡಕ್ಕೆ ಇದ್ದ ಪದಗಳಲ್ಲಿ ಒಂದು ‘ಬ್ರೆ’. ಪದದ ಕೊನೆಯಲ್ಲಿ ಗಂಟಲಿನಿಂದ ಹೊರಡುವ ಒಂದು ಮೆಲುದನಿ ಇತ್ತು. ಅದು ಕಾಲಕ್ರಮದಲ್ಲಿ ಉದುರಿತು. ವೆಲ್ಶ್ ಭಾಷೆಯಲ್ಲಿ ಗುಡ್ಡಕ್ಕೆ ‘ಬ್ರೆ’ ಎನ್ನುವುದು ಇಂದಿಗೂ ಇದೆ.

ಕನ್ನಡ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಬ್ರೆ ಪದದ ಮೂಲವನ್ನು ಭಾಷಾವಿಜ್ಞಾನಿಗಳು ಹಿಂದೆ ಹಿಂದೆ ಹಿಡಿದುಕೊಂಡು ಹೋದಾಗ ಸಿಗುವುದು ‘ಎತ್ತರ, ಏರು’ ಎಂಬ ಅರ್ಥದ ಒಂದು ಇಂಡೋ-ಯುರೋಪಿಯನ್ ಧಾತು. ಅದೇ ಧಾತುವಿನಿಂದ ಜರ್ಮನಿಯ ಹೈಡೆಲ್‌ಬರ್ಗ್, ನ್ಯೂರೆಂಬರ್ಗ್‌ಗಳ ‘ಬರ್ಗ್’ ಬಂದಿದೆ. ಸಂಸ್ಕೃತದ ‘ಬೃಹತ್’ ಕೂಡ ಅಲ್ಲಿಂದಲೇ ಬಂದದ್ದು. ಕನ್ನಡ ದ್ರಾವಿಡ ಭಾಷೆ, ಈ ಕುಟುಂಬಕ್ಕೆ ಸೇರಿದ್ದಲ್ಲ; ಆದರೆ ಸಂಸ್ಕೃತದ ಮೂಲಕ ಬೃಹತ್ ಎಂಬ ಪದ ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ದಿನವೂ ಕಾಣುತ್ತದೆ. ‘ಬೃಹತ್ ಸಮಾವೇಶ’ ಎನ್ನುವಾಗಿನ ಬೃಹತ್ತಿಗೂ ಲೆಸ್ಟರ್‌ಷೈರಿನ ಈ ಪುಟ್ಟ ಗುಡ್ಡದ ಬ್ರೆಗೂ ದೂರದ ನಂಟಿದೆ.

ಎರಡನೆಯ ಗುಡ್ಡ: ಡೂನ್

ಐದನೆಯ ಶತಮಾನದಿಂದ ಉತ್ತರ ಜರ್ಮನಿ, ಡೆನ್ಮಾರ್ಕ್, ಹಾಲೆಂಡ್ ಕರಾವಳಿಯ ಜನ ಬ್ರಿಟನ್ನಿನ ಪೂರ್ವ ತೀರಕ್ಕೆ ಬಂದು ನೆಲೆಸತೊಡಗಿದರು. ಆಂಗಲ್ಸ್, ಸ್ಯಾಕ್ಸನ್ಸ್, ಜೂಟ್ಸ್ ಎಂದು ಪಂಗಡಗಳು ಹಲವು, ಒಟ್ಟಾಗಿ ಆಂಗ್ಲೋ-ಸ್ಯಾಕ್ಸನ್ನರು. ಇವರ ಭಾಷೆ ಹಳೆಯ ಇಂಗ್ಲಿಷ್. ಬ್ರೀಡನ್ ಇರುವ ನಡುನಾಡು ಇವರ ಮರ್ಸಿಯಾ ಎಂಬ ರಾಜ್ಯಕ್ಕೆ ಸೇರಿತು.

ಹಳೆಯ ಇಂಗ್ಲಿಷಿನಲ್ಲಿ ಗುಡ್ಡಕ್ಕೆ ‘ಡೂನ್’ ಎನ್ನುತ್ತಿದ್ದರು. ಬ್ರೆ ಎಂದು ಸ್ಥಳೀಯರು ಕರೆಯುತ್ತಿದ್ದ ಗುಡ್ಡವನ್ನು ಹೊಸಬರು ‘ಬ್ರೆ ಡೂನ್’ ಎಂದರು. ‘ಬ್ರೆ ಎಂಬ ಗುಡ್ಡ’ ಎಂಬುದು ಅವರ ಮನಸ್ಸಿನಲ್ಲಿದ್ದ ಅರ್ಥ. ಬಾಯಿಂದ ಬಾಯಿಗೆ ಸವೆದು ಡೂನ್ ‘ಡನ್’ ಆಯಿತು. ಬ್ರೀಡನ್ ಹುಟ್ಟಿತು.

ಡೂನ್ ಪದದ ಮುಂದಿನ ಬಾಳು ಸ್ವಾರಸ್ಯವಾದದ್ದು. ‘ಆಫ್ ಡೂನೆ’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಗುಡ್ಡದಿಂದ ಎಂದರ್ಥ. ಗುಡ್ಡದಿಂದ ಬರುವುದೆಂದರೆ ಕೆಳಕ್ಕೆ ಇಳಿಯುವುದು ತಾನೆ. ಹಾಗೆ ಆ ನುಡಿಗಟ್ಟು ಸವೆದು ಸವೆದು ಇಂದಿನ ಇಂಗ್ಲಿಷಿನ ‘ಡೌನ್’ ಆಯಿತು. ಎತ್ತರದ ಪದವೇ ಕೆಳಗು ಎಂಬ ಅರ್ಥಕ್ಕೆ ಇಳಿಯಿತು. ಹಳೆಯ ಅರ್ಥ ಪೂರ್ತಿ ಅಳಿದಿಲ್ಲ: ದಕ್ಷಿಣ ಇಂಗ್ಲೆಂಡಿನ ಗುಡ್ಡಸಾಲುಗಳಿಗೆ ಇಂದಿಗೂ ಸೌತ್ ಡೌನ್ಸ್, ನಾರ್ತ್ ಡೌನ್ಸ್ ಎಂಬ ಹೆಸರಿದೆ.

ಟೆನಿಸ್ ನೋಡುವವರಿಗೆ ಗೊತ್ತಿರುವ ವಿಂಬಲ್ಡನ್ನಿನ ಕೊನೆಯಲ್ಲಿರುವುದೂ ಇದೇ ಡೂನ್. ಅದು ವುನ್‌ಮನ್ ಎಂಬಂಥ ಹೆಸರಿನ ಒಬ್ಬ ವ್ಯಕ್ತಿಯ ಗುಡ್ಡ. ಸ್ವಿಂಡನ್ ಎಂದರೆ ಹಂದಿಗಳ ಗುಡ್ಡ. ಹಂಟಿಂಗ್ಡನ್ ಬೇಟೆಗಾರನ ಗುಡ್ಡ. ಇಷ್ಟು ತಿಳಿದ ಕೂಡಲೇ ‘ಡನ್’ ಕಂಡಲ್ಲೆಲ್ಲ ಗುಡ್ಡ ಎನ್ನುವ ಆಸೆಯಾಗುತ್ತದೆ. ಅಲ್ಲೇ ಎಚ್ಚರ ಬೇಕು. ಲಂಡನ್ನಿನ ಡನ್ ಇದಲ್ಲ. ರೋಮನ್ನರ ಕಾಲದ ಲಂಡಿನಿಯಂ ಎಂಬ ಹೆಸರು ಸವೆದು ಹಾಗಾದದ್ದು. ಕ್ರಾಯ್ಡನ್ನಿನದು ಡೂನ್ ಅಲ್ಲ, ‘ಡೆನು’: ಅದು ಕಣಿವೆ, ಕೇಸರಿ ಬೆಳೆಯುತ್ತಿದ್ದ ಕಣಿವೆ. ಬ್ರೀಡನ್ನಿನ ನೆರೆಯ ಕ್ಯಾಸಲ್ ಡಾನಿಂಗ್ಟನ್ನಿನ ಡಾನ್ ಬಹುಮಟ್ಟಿಗೆ ಡುನ್ನ ಎಂಬ ಮನುಷ್ಯನ ಹೆಸರು. ಇಂದಿನ ಕಾಗುಣಿತ ನೋಡಿ ಅರ್ಥ ಹೇಳುವುದು ಕುರುಡು ಕೆಲಸ.

ಎಲ್ಲ ಗುಡ್ಡವೂ ಡೂನ್ ಅಲ್ಲ

ಹಳೆಯ ಇಂಗ್ಲಿಷಿನಲ್ಲಿ ಗುಡ್ಡಕ್ಕೆ ಹತ್ತಾರು ಪದಗಳಿದ್ದವು. ಬಹಳ ಕಾಲ ನಿಘಂಟುಗಳು ಇವೆಲ್ಲಕ್ಕೂ ಗುಡ್ಡ ಎಂದೇ ಅರ್ಥ ಬರೆದು ಕೈತೊಳೆದುಕೊಂಡಿದ್ದವು. ಇದು ಸರಿಯಲ್ಲ ಎಂದು ತೋರಿಸಿದವರು ಸ್ಥಳನಾಮ ವಿದ್ವಾಂಸೆ ಮಾರ್ಗರೆಟ್ ಗೆಲ್ಲಿಂಗ್ ಮತ್ತು ಅವರ ಜೊತೆ ದುಡಿದ ಭೂಗೋಳತಜ್ಞೆ ಆನ್ ಕೋಲ್. ಅವರು ಹೆಸರುಗಳನ್ನು ಕಾಗದದ ಮೇಲೆ ಮಾತ್ರ ನೋಡಲಿಲ್ಲ. ಆ ಹೆಸರಿನ ಊರುಗಳಿಗೆ ಹೋಗಿ, ದೂರದಲ್ಲಿ ನಿಂತು, ಗುಡ್ಡದ ಆಕಾರ ನೋಡಿದರು. ಹಾಗೆ ನೋಡಿದಾಗ ಒಂದೊಂದು ಪದಕ್ಕೂ ಒಂದೊಂದು ರೂಪ ಹೊಂದುತ್ತಿತ್ತು. ‘ಹೋಹ್’ ಎಂದರೆ ಹಿಮ್ಮಡಿ. ಒಂದು ತುದಿ ಹಿಮ್ಮಡಿಯ ಹಾಗೆ ಮುಂದೆ ಚಾಚಿಕೊಂಡು ಇಳಿಯುವ ಏಣು. ‘ಬೆಯೋರ್ಗ್’ ಎಂದರೆ ಗುಂಡಗಿನ ದಿಬ್ಬ. ‘ಹಿಲ್’ ಎಂಬುದು ಬೇರೆ ಯಾವ ಪದಕ್ಕೂ ಒಗ್ಗದ ಗುಡ್ಡಗಳಿಗೆಲ್ಲ ಬಳಸುತ್ತಿದ್ದ ಸಾಮಾನ್ಯ ಮಾತು.

ಮತ್ತೆ ಡೂನ್? ಅದು ನೆತ್ತಿ ಅಗಲವಾಗಿ, ಸಾಕಷ್ಟು ಸಮತಟ್ಟಾಗಿ, ಮೇಲೆ ಮನೆ ಕಟ್ಟಿ ಬಾಳಬಹುದಾದ ಗುಡ್ಡ. ಬ್ರೀಡನ್ನಿನಲ್ಲಿ ಕಬ್ಬಿಣಯುಗದ ಕೋಟೆ, ಅನಂತರ ಕ್ರೈಸ್ತ ಮಠ, ಅನಂತರ ಚರ್ಚು ಎಲ್ಲವೂ ನೆತ್ತಿಯ ಮೇಲೆಯೇ ಎದ್ದದ್ದನ್ನು ನೋಡಿದರೆ ಹೆಸರಿಟ್ಟವರ ಕಣ್ಣು ಎಷ್ಟು ಚುರುಕಾಗಿತ್ತು ಎಂದು ತಿಳಿಯುತ್ತದೆ. ನಕಾಶೆಯಿಲ್ಲದ ಕಾಲದಲ್ಲಿ ದಾರಿ ಹೋಕನಿಗೆ ಮುಂದೆ ಸಿಗುವ ಗುಡ್ಡದ ಚಹರೆಯನ್ನು ಒಂದು ಪದದಲ್ಲಿ ಹೇಳಬೇಕಿತ್ತು. ಬ್ರೀಡನ್ನಿನ ವಿಷಯದಲ್ಲಿ ಡೂನ್ ಬರೀ ಪುನರುಕ್ತಿಯಲ್ಲ. ಬ್ರೆ ಎಂಬುದು ಯಾವ ಬಗೆಯದು ಎಂಬುದನ್ನು ಹೊಸಬರು ತಮ್ಮವರಿಗೆ ತಿಳಿಸಿದ ಬಗೆ ಅದು.

ಗುಡ್ಡವನ್ನು ಎರಡು ಸಲ ಹೇಳಿದ್ದೇಕೆ?

ಈ ಪ್ರಶ್ನೆಗೆ ಉತ್ತರ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಇದೆ. ಬಿಳಿಗಿರಿ ಎನ್ನುವಾಗಲೇ ಗಿರಿ ಬಂತು. ಅಲ್ಲಿಯ ರಂಗನಾಥನಿಂದಾಗಿ ಅದು ಬಿಳಿಗಿರಿರಂಗನ ಬೆಟ್ಟ ಆಯಿತು. ಗಿರಿಯ ಜೊತೆಗೆ ಬೆಟ್ಟವೂ ಸೇರಿತು. ಈಗ ಪ್ರವಾಸಿಗರ ಬಾಯಲ್ಲಿ ಅದು ಬಿ.ಆರ್. ಹಿಲ್ಸ್. ಸಂಸ್ಕೃತದ್ದೊಂದು, ಕನ್ನಡದ್ದೊಂದು, ಇಂಗ್ಲಿಷಿನದೊಂದು. ಹೀಗೆ ಹೇಳುವವರಾರೂ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದೇವೆಂದು ಭಾವಿಸುವುದಿಲ್ಲ, ಏಕೆಂದರೆ ಬಿಳಿಗಿರಿ ಎಂಬುದು ಕಿವಿಗೆ ಬೀಳುವಾಗ ಅರ್ಥವಾಗಿ ಬೀಳುವುದಿಲ್ಲ, ಒಂದು ಹೆಸರಾಗಿ ಬೀಳುತ್ತದೆ. ಒಂದು ವ್ಯತ್ಯಾಸವಿದೆ: ಇಲ್ಲಿ ನಡುವೆ ದೇವರಿದ್ದಾನೆ, ಬಿಳಿಗಿರಿಯ ರಂಗನ ಬೆಟ್ಟ ಎಂದು ವ್ಯಾಕರಣ ಸರಿಯಾಗಿಯೇ ಕೂಡುತ್ತದೆ. ಬ್ರೀಡನ್ನಿನಲ್ಲಿ ನಡುವೆ ಯಾರೂ ಇಲ್ಲ. ಗುಡ್ಡಕ್ಕೆ ಗುಡ್ಡವೇ ನೇರವಾಗಿ ಅಂಟಿದೆ.

ಇದು ನಡೆಯುವುದು ಹೀಗೆ. ಗುಡ್ಡದ ಬುಡದಲ್ಲಿ ಬಾಳುವವರಿಗೆ ಇರುವುದು ಒಂದೇ ಗುಡ್ಡ. ಅವರು ಅದಕ್ಕೆ ಬೇರೆ ಹೆಸರಿಡಬೇಕಿಲ್ಲ. ‘ಗುಡ್ಡಕ್ಕೆ ಹೋಗಿದ್ದೆ’ ಎಂದರೆ ಸಾಕು. ಸಾಮಾನ್ಯ ಪದವೇ ಆ ಗುಡ್ಡದ ಅಂಕಿತನಾಮದಂತೆ ನಡೆಯುತ್ತದೆ. ಬೇರೆ ಭಾಷೆಯವನು ಬಂದು ಅದನ್ನು ಕೇಳಿಸಿಕೊಂಡಾಗ ಅವನಿಗೆ ಅದು ಹೆಸರಾಗಿಯೇ ಕೇಳುತ್ತದೆ. ಅವನು ತನ್ನವರಿಗೆ ಹೇಳುವಾಗ ‘ಬ್ರೆ ಎಂಬ ಗುಡ್ಡ’ ಎನ್ನುತ್ತಾನೆ. ಅವನಿಗೆ ಬ್ರಿಟಾನಿಕ್ ಸ್ವಲ್ಪ ಬರುತ್ತಿತ್ತೆಂದೇ ಇಟ್ಟುಕೊಂಡರೂ ಹೀಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆಂಗ್ಲೋ-ಸ್ಯಾಕ್ಸನ್ನರನ್ನು ದಡ್ಡರೆಂದು ತೋರಿಸಿ ನಗಿಸುವ ಮೊಬೈಲ್ ಸಂದೇಶಗಳು ಇದನ್ನು ಬಿಟ್ಟುಬಿಡುತ್ತವೆ.

ಇಂಗ್ಲೆಂಡಿನಲ್ಲಿ ಬ್ರೀಡನ್ ಒಂಟಿಯಲ್ಲ. ವೂಸ್ಟರ್‌ಷೈರಿನಲ್ಲಿ ಬ್ರೆಡನ್ ಹಿಲ್ ಇದೆ. ಅದರಲ್ಲಿಯೂ ಇದೇ ಬ್ರೆ, ಇದೇ ಡೂನ್, ಮೇಲೊಂದು ಹಿಲ್. ಬಕಿಂಗ್‌ಹ್ಯಾಮ್‌ಷೈರಿನ ಗುಡ್ಡದ ಮೇಲಿನ ಬ್ರಿಲ್ ಎಂಬ ಹಳ್ಳಿಯ ಹೆಸರು ಬ್ರೆ ಮತ್ತು ಹಿಲ್ ಎರಡೂ ಕರಗಿ ಒಂದೇ ಉಸಿರಿನ ಪದವಾದದ್ದು. ಲ್ಯಾಂಕಾಷೈರಿನ ಪೆಂಡಲ್ ಹಿಲ್ 557 ಮೀಟರ್ ಎತ್ತರದ್ದು. ಬ್ರಿಟಾನಿಕ್ ಭಾಷೆಯಲ್ಲಿ ತಲೆ ಅಥವಾ ತುದಿ ಎಂಬ ಅರ್ಥದ ‘ಪೆನ್’ಗೆ ಹಳೆಯ ಇಂಗ್ಲಿಷಿನ ಹಿಲ್ ಸೇರಿ ಪೆನ್‌ಹಿಲ್ ಆಗಿ, ಅದು ಪೆಂಡಲ್ ಎಂದು ಗುರುತು ಸಿಗದಷ್ಟು ಸವೆದ ಮೇಲೆ ಮತ್ತೊಮ್ಮೆ ಹಿಲ್ ಬಂತು. ಕಾಡಿಗೂ ಇದೇ ಆಗಿದೆ: ಬಕಿಂಗ್‌ಹ್ಯಾಮ್‌ಷೈರಿನ ಚೆಟ್‌ವುಡ್ ಎಂಬ ಹೆಸರಿನ ಎರಡು ಭಾಗಗಳಿಗೂ ಕಾಡು ಎಂದೇ ಅರ್ಥ. ಏವನ್ ನದಿಯ ಏವನ್ ಎಂದರೂ ನದಿಯೇ.

ಹೆಸರು ಹೇಳುವ ಚರಿತ್ರೆ

ಆಂಗ್ಲೋ-ಸ್ಯಾಕ್ಸನ್ನರು ಬಂದಾಗ ಮೊದಲಿದ್ದ ಬ್ರಿಟನ್ನರು ಏನಾದರು? ಈ ಪ್ರಶ್ನೆಯ ಚರ್ಚೆ ಇನ್ನೂ ಮುಗಿದಿಲ್ಲ. ಹಳೆಯ ಶಾಲಾ ಪುಸ್ತಕಗಳ ಕಥೆ ಸರಳವಾಗಿತ್ತು: ಬ್ರಿಟನ್ನರನ್ನು ಕೊಂದರು, ಉಳಿದವರನ್ನು ಪಶ್ಚಿಮಕ್ಕೆ ಓಡಿಸಿದರು. ಅನಂತರ ಬಂದ ಇತಿಹಾಸಕಾರರಲ್ಲಿ ಹಲವರು ಇದಕ್ಕೆ ತದ್ವಿರುದ್ಧವಾಗಿ, ಬಂದವರು ಕೆಲವೇ ಮಂದಿ, ಮಿಕ್ಕವರು ಅವರ ಭಾಷೆ ಕಲಿತರು ಎಂದರು. 2022ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವೊಂದು ಪೂರ್ವ ಮತ್ತು ನಡು ಇಂಗ್ಲೆಂಡಿನ ಆ ಕಾಲದ ಸಮಾಧಿಗಳ ಅಸ್ಥಿಗಳನ್ನು ಪರೀಕ್ಷಿಸಿತು. ಅಲ್ಲಿದ್ದವರ ವಂಶಮೂಲದಲ್ಲಿ ಸರಾಸರಿ ಮುಕ್ಕಾಲು ಭಾಗ ಸಮುದ್ರದಾಚೆಯ ಉತ್ತರ ಯುರೋಪಿನದಾಗಿತ್ತು. ಜನ ದೊಡ್ಡ ಸಂಖ್ಯೆಯಲ್ಲೇ ಬಂದಿದ್ದರು. ಆದರೆ ಉಳಿದ ಕಾಲು ಭಾಗ ಎಲ್ಲೂ ಓಡಿಹೋಗಿರಲಿಲ್ಲ. ಬಂದವರ ಜೊತೆ ಬೆರೆತಿತ್ತು.

ಬ್ರೀಡನ್ ಎಂಬ ಹೆಸರು ಹೇಳುವುದೂ ಅದನ್ನೇ. ಗುಡ್ಡಕ್ಕೆ ಬ್ರೆ ಎನ್ನುತ್ತಾರೆಂದು ಹೊಸಬರಿಗೆ ಯಾರೋ ಹೇಳಿರಬೇಕು. ಖಾಲಿ ನೆಲ ಹೆಸರು ಹೇಳುವುದಿಲ್ಲ. ಹೇಳುವವನೂ ಕೇಳುವವನೂ ಒಂದೇ ಗುಡ್ಡದ ನೆರಳಲ್ಲಿ, ಹೊಡೆದಾಟವಿಲ್ಲದ ಒಂದಷ್ಟು ಹೊತ್ತಾದರೂ ಇದ್ದಿರಲೇಬೇಕು. ಕತ್ತಿ, ಮಡಕೆ, ಮೂಳೆಗಳಿಂದ ತಿಳಿಯದ ಸಂಗತಿ ಇದು. ಊರಹೆಸರಿನ ಅಧ್ಯಯನವನ್ನು ಬರೀ ಪದಗಳ ಕುತೂಹಲವೆಂದು ನೋಡುವವರು ಇದನ್ನು ಮರೆಯಬಾರದು: ದಾಖಲೆಯೇ ಇಲ್ಲದ ಎರಡು ಶತಮಾನಗಳ ಬಗ್ಗೆ ಅಲ್ಲಿ ಬಾಳಿದ ಸಾಮಾನ್ಯರ ಬಾಯಿಂದಲೇ ಬಂದು ಉಳಿದಿರುವ ಸಾಕ್ಷ್ಯ ಬಲು ಕಡಿಮೆ. ಊರು, ಗುಡ್ಡ, ಹೊಳೆಗಳ ಹೆಸರುಗಳು ಅವುಗಳಲ್ಲಿ ಮುಖ್ಯವಾದವು.

ಅರ್ಥ ಹೇಳುವುದು ಹೇಗೆ?

ಇಂಗ್ಲೆಂಡಿನ ಊರಹೆಸರುಗಳನ್ನು ಕ್ರಮವಾಗಿ ಅಧ್ಯಯನ ಮಾಡಲು ಇಂಗ್ಲಿಷ್ ಪ್ಲೇಸ್-ನೇಮ್ ಸೊಸೈಟಿ 1923ರಲ್ಲಿ ಶುರುವಾಯಿತು. ಒಂದೊಂದು ಸೀಮೆಗೂ ಸಂಪುಟಗಳನ್ನು ತರುವ ಕೆಲಸ ಇಂದಿಗೂ ನಡೆಯುತ್ತಿದೆ. ಹೊಲ, ಬೀದಿ, ಹಳ್ಳಗಳ ಹೆಸರನ್ನೂ ಬಿಡದೆ ಸೇರಿಸುವುದರಿಂದ ಅದು ನೂರು ವರ್ಷ ದಾಟಿದೆ.

ಅವರ ಮೊದಲ ನಿಯಮ, ಸಿಗುವ ಅತಿ ಹಳೆಯ ಬರಹರೂಪವನ್ನು ಹುಡುಕು ಎಂಬುದು. ಬ್ರೀಡನ್ನಿನ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. 731ರಲ್ಲಿ ಬೀಡ್ ಎಂಬ ಸನ್ಯಾಸಿ ಲ್ಯಾಟಿನ್ನಿನಲ್ಲಿ ಬರೆದು ಮುಗಿಸಿದ ಇಂಗ್ಲಿಷ್ ಜನರ ಧಾರ್ಮಿಕ ಚರಿತ್ರೆಯಲ್ಲಿ ಈ ಹೆಸರು ಬರುತ್ತದೆ. ಆ ವರ್ಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಟಾಟ್‌ವಿನ್ ಎಂಬಾತ, ಮರ್ಸಿಯಾ ಸೀಮೆಯ ‘ಬ್ರಿಯುಡೂನ್’ ಎಂಬ ಮಠದಲ್ಲಿ ಪಾದ್ರಿಯಾಗಿದ್ದ ಎಂದು ಬೀಡ್ ಬರೆಯುತ್ತಾನೆ. ಒಂದು ಚಿಕ್ಕ ಗುಡ್ಡದ ಮಠದಿಂದ ಹೊರಟವನು ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಪೀಠ ಏರಿದ. 734ರಲ್ಲಿ ತೀರಿಕೊಂಡ ಟಾಟ್‌ವಿನ್ ವ್ಯಾಕರಣ ಬರೆದವನು. ಲ್ಯಾಟಿನ್ನಿನಲ್ಲಿ 40 ಒಗಟುಗಳನ್ನು ಕಟ್ಟಿದವನು. ಬರೆಯುವ ಗರಿ, ಗಂಟೆ ಮುಂತಾದ ಮಠದ ದಿನಬಳಕೆಯ ವಸ್ತುಗಳು ಅವುಗಳಲ್ಲಿ ತಾವೇ ಮಾತಾಡುತ್ತವೆ. ಒಗಟುಗಳ ಮೊದಲ ಸಾಲುಗಳ ಆದಿ ಅಕ್ಷರಗಳನ್ನೂ ಅಂತ್ಯದ ಅಕ್ಷರಗಳನ್ನೂ ಕೂಡಿಸಿ ಓದಿದರೆ ಇನ್ನೊಂದು ಪದ್ಯ ಹೊರಡುತ್ತದೆ. ಪದಗಳ ಜೊತೆ ಹೀಗೆ ಆಡಬಲ್ಲವನಿಗೆ ತನ್ನ ಊರಿನ ಹೆಸರಿನೊಳಗಿನ ಒಗಟು ಹೊಳೆದಿತ್ತೋ ಏನೋ ಎಂದು ಕೇಳಿಕೊಳ್ಳದೆ ಇರಲಾಗುವುದಿಲ್ಲ.

ಬ್ರಿಯುಡೂನ್ ಎಂಬ ಈ ಬರಹರೂಪದ ಬೆಲೆ ದೊಡ್ಡದು. ಇಂದಿನ ಕಾಗುಣಿತವನ್ನಷ್ಟೇ ನೋಡಿದವರು ಬ್ರೀಡನ್ನಿಗೆ ದನಕರುಗಳ ತಳಿ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಜೋಡಿಸಬಹುದಿತ್ತು. 731ರ ರೂಪ ಆ ದಾರಿಯನ್ನು ಮುಚ್ಚುತ್ತದೆ: ಡೂನ್ ಪೂರ್ತಿಯಾಗಿ, ಸವೆಯದೆ ಅಲ್ಲಿ ಕಾಣುತ್ತದೆ, ಮೊದಲ ಭಾಗ ಬ್ರಿಟಾನಿಕ್ ಪದಕ್ಕೆ ಹೊಂದುತ್ತದೆ. ಎರಡನೆಯ ನಿಯಮ, ಸಿಕ್ಕ ಅರ್ಥ ನೆಲಕ್ಕೆ ಹೊಂದುತ್ತದೆಯೇ ನೋಡು ಎಂಬುದು. ಇಲ್ಲಿ ಗುಡ್ಡ ಕಣ್ಣೆದುರೇ ಇದೆ.

ಹೊಂದದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಚರ್ಚಿಲ್ ಎಂಬ ಊರಹೆಸರು ಒಳ್ಳೆಯ ಉದಾಹರಣೆ. ಇಂಗ್ಲೆಂಡಿನಲ್ಲಿ ಈ ಹೆಸರಿನ ಊರುಗಳು ಹಲವಿವೆ. ಚರ್ಚು ಇರುವ ಗುಡ್ಡ ಎಂದು ಸುಲಭವಾಗಿ ಅರ್ಥ ಹೇಳಬಹುದು. ಕೆಲವು ಕಡೆ ಅದು ಸರಿಯೂ ಇರಬಹುದು. ಆದರೆ ಕೆಲವು ಕಡೆ ಅಲ್ಲಿರುವುದು ಚರ್ಚಲ್ಲ, ದಿಬ್ಬ ಎಂಬ ಅರ್ಥದ ಬ್ರಿಟಾನಿಕ್ ಪದ ‘ಕ್ರೂಗ್’. ಅರ್ಥ ತಿಳಿಯದ ಪದವನ್ನು ಜನ ತಮಗೆ ತಿಳಿದ ಪದದ ಕಡೆಗೆ ಎಳೆದುಕೊಂಡರು, ದಿಬ್ಬ ಚರ್ಚಾಯಿತು.

ದಾಖಲೆಗೂ ಐತಿಹ್ಯಕ್ಕೂ ನಡುವಿನ ಗೆರೆಯನ್ನು ಬ್ರೀಡನ್ನಿನಲ್ಲೇ ನೋಡಬಹುದು. ಚರ್ಚು ಗುಡ್ಡದ ಮೇಲೇಕಿದೆ ಎಂದು ಕೇಳಿದರೆ ಊರಿನ ಹಳೆಯ ಕಥೆ ಹೀಗೆ ಹೇಳುತ್ತದೆ: ಅದನ್ನು ಬುಡದಲ್ಲೇ ಕಟ್ಟಲು ಹೊರಟಿದ್ದರಂತೆ, ಹಗಲು ಇಟ್ಟ ಕಲ್ಲುಗಳನ್ನು ರಾತ್ರಿ ಪಾರಿವಾಳಗಳು ಹೊತ್ತು ಮೇಲಕ್ಕೆ ಸಾಗಿಸುತ್ತಿದ್ದವಂತೆ. ದಾಖಲೆ ಹೇಳುವುದೇ ಬೇರೆ. ಏಳನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಿಥುರಿಕ್ ಎಂಬ ಮರ್ಸಿಯಾದ ಸಿರಿವಂತ ಪ್ರಭು, ಇಂದಿನ ಪೀಟರ್‌ಬರೋದ ಮಠಕ್ಕೆ ಇಲ್ಲಿನ ಜಮೀನು ಕೊಟ್ಟ. ಹೆಡ್ಡ ಎಂಬಾತನ ಮುಂದಾಳತ್ವದಲ್ಲಿ ಇಲ್ಲೊಂದು ಮಠ ಎದ್ದಿತು. ಹಳೆಯ ಕೋಟೆಯ ಏರಿ ಅವರಿಗೆ ಸಿದ್ಧವಾದ ಪೌಳಿಗೋಡೆಯಾಗಿ ಒದಗಿತು. ಆ ಮಠದ ಕಟ್ಟಡ ಉಳಿದಿಲ್ಲ, ಅದರ ಕೆತ್ತನೆಗಳು ಉಳಿದಿವೆ. ಎಂಟನೆಯ ಶತಮಾನದ ಕೊನೆ, ಒಂಬತ್ತನೆಯದರ ಆರಂಭಕ್ಕೆ ಸೇರುವ ಈ ಕಲ್ಲುಪಟ್ಟಿಗಳನ್ನು ಇಂದಿನ ಚರ್ಚಿನ ಗೋಡೆಗಳಲ್ಲಿ ಕೂರಿಸಿದ್ದಾರೆ: ಒಂದು ಗೇಣಿನಷ್ಟು ಅಗಲ, ಒಳಗೆ ಸುರುಳಿ ಬಳ್ಳಿ, ಹಕ್ಕಿ, ವಿಚಿತ್ರ ಪ್ರಾಣಿಗಳು, ಕುದುರೆ ಸವಾರರು. ಗೋಪುರದೊಳಗೆ ಇರುವ ದೇವದೂತನ ಶಿಲ್ಪ ಬ್ರೀಡನ್ ಏಂಜೆಲ್ ಎಂದು ಹೆಸರಾಗಿದೆ. ಅವನು ಹರಸಲು ಎತ್ತಿದ ಕೈಯ ಬೆರಳುಗಳ ಮುದ್ರೆ ಬೈಜಾಂಟಿಯಮ್ಮಿನ ಶೈಲಿಯದು.

ಸುತ್ತಲಿನ ಊರುಗಳು

ಬ್ರೀಡನ್ನಿಗೆ ಬಂದು ಹೋದ ಭಾಷೆಗಳಲ್ಲಿ ಎರಡು ಅದರ ಹೆಸರಿನಲ್ಲೇ ಇವೆ. ಇನ್ನೆರಡನ್ನು ನೋಡಬೇಕಾದರೆ ದಕ್ಷಿಣಕ್ಕೆ ಕೆಲವು ಮೈಲಿ ಹೋಗಬೇಕು. ಆಷ್ಬಿ ಡಿ ಲಾ ಜೂಶ್ ಎಂಬ ಪಟ್ಟಣ ಸಿಗುತ್ತದೆ. 865ರಲ್ಲಿ ಡೆನ್ಮಾರ್ಕಿನ ಕಡೆಯ ದೊಡ್ಡ ಸೈನ್ಯವೊಂದು ಇಂಗ್ಲೆಂಡಿಗೆ ಬಂದಿಳಿಯಿತು. 873ರ ಚಳಿಗಾಲವನ್ನು ಅದು ಬ್ರೀಡನ್ನಿಗೆ ಹತ್ತಿರದ ರೆಪ್ಟನ್ನಿನಲ್ಲಿ ಕಳೆಯಿತು. ರೆಪ್ಟನ್ನಿನದೂ ಡೂನ್ ಹೆಸರೇ, ಹ್ರಿಪೆ ಎಂಬ ಪಂಗಡದವರ ಗುಡ್ಡ. ಡೇನರು ನೆಲೆನಿಂತ ಕಡೆಯೆಲ್ಲ ಊರು ಎಂಬ ಅರ್ಥದ ‘ಬಿ’ ಬಂತು. ಆಷ್ಬಿ, ಡರ್ಬಿ, ಲೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯಗಳಿರುವ ಓಡ್ಬಿ ಎಲ್ಲವೂ ಈ ಸಾಲಿನವು. ಡರ್ಬಿಗೆ ಮೊದಲು ನಾರ್ಥ್‌ವರ್ದಿ ಎಂಬ ಬೇರೆಯೇ ಇಂಗ್ಲಿಷ್ ಹೆಸರಿತ್ತು. ಡೇನರು ಅದನ್ನು ಬದಲಿಸಿದರು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚ್ ಬಂತು. ಆಷ್ಬಿಯನ್ನು ಪಡೆದ ಲಾ ಜೂಶ್ ಮನೆತನದ ಹೆಸರು ಊರಿಗೆ ಬಾಲವಾಯಿತು. ಆಷ್ ಎಂಬ ಮರ, ಡೇನರ ಊರು, ಫ್ರೆಂಚ್ ಒಡೆಯ.

ಡೇನರ ನಡುವೆಯೇ ಇದ್ದರೂ ಬ್ರೀಡನ್ನಿಗೆ ಬಿ ಅಂಟಲಿಲ್ಲ, ಹೆಸರು ಬದಲಾಗಲೂ ಇಲ್ಲ. ಗುಡ್ಡ, ಹೊಳೆಗಳ ಹೆಸರುಗಳು ಹೀಗೆ ಗಟ್ಟಿ; ಊರು ಒಡೆಯನಿಂದ ಒಡೆಯನಿಗೆ ಕೈ ಬದಲಾಗುತ್ತದೆ, ದೂರದಿಂದ ಕಾಣುವ ಗುಡ್ಡವನ್ನು ಎಲ್ಲರೂ ಹಳೆಯ ಹೆಸರಿನಿಂದಲೇ ಗುರುತಿಸುತ್ತಿರುತ್ತಾರೆ.

ಬ್ರೀಡನ್ನಿನ ಪಕ್ಕದ ಪುಟ್ಟ ಊರು ವಿಲ್ಸನ್. ವಿಲ್ ಎಂಬವನ ಮಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ವಿಫೆಲ್ ಎಂಬವನ ‘ಟೂನ್’, ಅಂದರೆ ಬೇಸಾಯದ ನೆಲೆ. ಗಡಿ ದಾಟಿದ ಕೂಡಲೇ ಡರ್ಬಿಷೈರಿನ ಮೆಲ್ಬರ್ನ್ ಪಟ್ಟಣ. ಅದರ ಅರ್ಥ ಬೀಸುವ ಗಿರಣಿಯ ಹಳ್ಳ. ಇಲ್ಲಿನ ಜಮೀನ್ದಾರಿಯಿಂದ ಲಾರ್ಡ್ ಮೆಲ್ಬರ್ನ್ ಎಂಬ ಬಿರುದು ಹುಟ್ಟಿತು. ಆ ಬಿರುದು ಹೊತ್ತವರೊಬ್ಬರು ಬ್ರಿಟನ್ನಿನ ಪ್ರಧಾನಿಯಾಗಿದ್ದಾಗ, 1837ರಲ್ಲಿ, ಆಸ್ಟ್ರೇಲಿಯಾದ ಹೊಸ ಪಟ್ಟಣಕ್ಕೆ ಅವರ ಹೆಸರಿಟ್ಟರು. ಕ್ರಿಕೆಟ್ ನೋಡುವವರೆಲ್ಲರಿಗೂ ಗೊತ್ತಿರುವ ಮೆಲ್ಬರ್ನ್ ಹುಟ್ಟಿದ್ದು ಬ್ರೀಡನ್ನಿನ ನೆರೆಯ ಒಂದು ಹಳ್ಳದ ದಂಡೆಯಲ್ಲಿ.

ಮೂರನೆಯ ಗುಡ್ಡ, ಕರಗಿದ ಗುಡ್ಡ

‘ಆನ್ ದಿ ಹಿಲ್’ ಎಂಬ ಬಾಲ ಈ ಕಥೆಯಲ್ಲಿ ಕಿರಿಯದು. ಮಧ್ಯಯುಗದವರಿಗೆ ಅದು ಬರೀ ಬ್ರೀಡನ್. ಡನ್ ಎಂದರೆ ಗುಡ್ಡ ಎಂಬುದು ಇಂಗ್ಲಿಷರಿಗೇ ಮರೆತುಹೋದ ಮೇಲೆ, ಹೆಸರು ಪೂರ್ತಿ ಮೂಕವಾದ ಮೇಲೆ, ಊರು ಯಾವುದೆಂದು ಹೇಳಲು ಮತ್ತೆ ಗುಡ್ಡವನ್ನೇ ತೋರಿಸಬೇಕಾಯಿತು. ಮೊದಲ ಸಲ ಅರ್ಥ ಮರೆಯಾದದ್ದು ಭಾಷೆ ಬದಲಾದದ್ದರಿಂದ. ಎರಡನೆಯ ಸಲ ಭಾಷೆ ಅದೇ, ಪದ ಮಾತ್ರ ಸವೆದಿತ್ತು. ಮೂರು ಗುಡ್ಡಗಳೂ ಒಂದೇ ರೀತಿ ಬಂದವು ಎಂದು ತಿಳಿದರೆ ಈ ವ್ಯತ್ಯಾಸ ತಪ್ಪಿಹೋಗುತ್ತದೆ.

ಹೆಸರಿನಲ್ಲಿ ಗುಡ್ಡ ಬೆಳೆಯುತ್ತ ಹೋದರೆ, ನೆಲದ ಮೇಲೆ ಅದು ಕರಗುತ್ತ ಬಂದಿದೆ. ಬ್ರೀಡನ್ನಿನ ಸುಣ್ಣಕಲ್ಲು ಒಳ್ಳೆಯ ಕಲ್ಲು. ಗುಡ್ಡದ ಪೂರ್ವ ಬದಿಯನ್ನು ಕ್ವಾರಿ ತಿಂದುಹಾಕಿದೆ. ಕಬ್ಬಿಣಯುಗದ ಕೋಟೆಯ ಆ ಕಡೆಯ ಏರಿಯೂ ಅದರ ಜೊತೆ ಹೋಯಿತು. ಚರ್ಚು ಈಗ ನಿಂತಿರುವುದು ಕಡಿದ ಬಂಡೆಯಂಚಿನ ಹತ್ತಿರ. ಉತ್ಖನನಗಳು ನಡೆದದ್ದಕ್ಕೂ ಈ ಕ್ವಾರಿಗೂ ಸಂಬಂಧವಿದೆ: ಕಲ್ಲು ಹೋಗುವ ಮೊದಲು ಮಣ್ಣಿನಲ್ಲಿ ಏನಿದೆ ಎಂದು ತಿಳಿದುಕೊಳ್ಳಬೇಕಿತ್ತು. ಹತ್ತಿರದ ಇನ್ನೊಂದು ಕ್ವಾರಿಯ ಹೆಸರು ಕ್ಲೌಡ್ ಹಿಲ್. ಅಲ್ಲಿರುವುದು ಮೋಡವಲ್ಲ, ಬಂಡೆ, ಗುಡ್ಡ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ ‘ಕ್ಲೂಡ್’. ಅಲ್ಲಿಯೂ ಗುಡ್ಡದ ಮೇಲೆ ಗುಡ್ಡ.

ಈ ಕ್ವಾರಿಗಳಿಂದ ಬೆಳೆದ ಕಟ್ಟಡ ಸಾಮಗ್ರಿ ಕಂಪನಿ ಬ್ರೀಡನ್ ಗ್ರೂಪ್ ಇವತ್ತು ಬ್ರಿಟನ್, ಐರ್ಲೆಂಡುಗಳಲ್ಲಿ ವ್ಯಾಪಾರ ನಡೆಸುತ್ತದೆ. ಇಲ್ಲಿನ ಹೊಂಬಣ್ಣದ ಜಲ್ಲಿಯನ್ನು ಉದ್ಯಾನಗಳ ಕಾಲುದಾರಿಗೆ ಹಾಸುತ್ತಾರೆ. ತೋಟಗಾರರ ಬಾಯಲ್ಲಿ ಅದರ ಹೆಸರು ‘ಬ್ರೀಡನ್ ಗ್ರ್ಯಾವೆಲ್’.